ಅರ್ತ್‌ಸೀ ಸರಣಿಯ ಮೊದಲ ಪುಸ್ತಕ: ತೆಳ್ಳಗಿದೆ, ಆದರೆ ಪೂರ್ತಿಯಾಗಿದೆ

ಹೊಸದಾಗಿ ಫ್ಯಾಂಟಸಿ ಓದಬೇಕು ಅಂದುಕೊಂಡವರನ್ನು ಮೊದಲು ಹೆದರಿಸುವುದು ಪುಸ್ತಕದ ದಪ್ಪ. ಏಳೆಂಟುನೂರು ಪುಟ ಓದಿ ಮುಗಿಸಿದರೂ ಕಥೆ ಇನ್ನೂ ಪೀಠಿಕೆಯಲ್ಲೇ ಇರುತ್ತದೆ, ಮುಂದಿನ ಭಾಗ ಕೊಳ್ಳದೆ ಬೇರೆ ದಾರಿ ಇರುವುದಿಲ್ಲ. ಆ ಭಯ ಇರುವವರಿಗೆ ನಾನು ಯಾವಾಗಲೂ ಹೇಳುವ ಪುಸ್ತಕ ಉರ್ಸುಲಾ ಕೆ. ಲೆ ಗ್ವಿನ್ ಬರೆದ ‘ಎ ವಿಝರ್ಡ್ ಆಫ್ ಅರ್ತ್‌ಸೀ’. 1968ರಲ್ಲಿ ಬಂದದ್ದು. ಹತ್ತೇ ಅಧ್ಯಾಯ, 200 ಪುಟದ ಆಸುಪಾಸು. ಅರ್ತ್‌ಸೀ ಸರಣಿಯ ಮೊದಲ ಕಾದಂಬರಿ ಇದು, ಆದರೆ ಇದೊಂದನ್ನೇ ಓದಿ ಬಿಟ್ಟರೂ ಅರ್ಧಕ್ಕೆ ನಿಂತಿತು ಅನ್ನಿಸುವುದಿಲ್ಲ. ಒಬ್ಬ ಹುಡುಗ ಸೊಕ್ಕಿನಿಂದ ಒಂದು ತಪ್ಪು ಮಾಡುತ್ತಾನೆ. ಆ ತಪ್ಪನ್ನು ಬೇರೆ ಯಾರ ತಲೆಗೂ ಕಟ್ಟದೆ ಕೊನೆಯವರೆಗೆ ತಾನೇ ಹೊರುತ್ತಾನೆ. ಇಷ್ಟೇ ಕಥೆ. ಇಷ್ಟನ್ನೇ ಇಷ್ಟು ಗಟ್ಟಿಯಾಗಿ ಹೇಳಿದ ಇನ್ನೊಂದು ಫ್ಯಾಂಟಸಿ ನನಗೆ ಸಿಕ್ಕಿಲ್ಲ.

ಅರ್ತ್‌ಸೀ ಅಂದರೆ ನೂರಾರು ದ್ವೀಪಗಳ ಲೋಕ. ಎಲ್ಲಿ ನೋಡಿದರೂ ಸಮುದ್ರ, ನಡುವೆ ಚೆಲ್ಲಿದ ಹಾಗೆ ದ್ವೀಪಗಳು. ಕೆಲವು ದೊಡ್ಡವು, ಕೆಲವು ನಾಲ್ಕು ಮನೆ ಇರುವಷ್ಟು ಚಿಕ್ಕವು. ಪ್ರಕಾಶಕರೊಬ್ಬರು ದೊಡ್ಡ ಮಕ್ಕಳಿಗಾಗಿ ಒಂದು ಕಾದಂಬರಿ ಬರೆದುಕೊಡಿ ಎಂದು ಕೇಳಿದಾಗ ಲೆ ಗ್ವಿನ್ ಮೊದಲು ಕೂತು ಮಾಡಿದ ಕೆಲಸ ಈ ಲೋಕದ ನಕ್ಷೆ ಬಿಡಿಸಿದ್ದು. ಕಥೆಗಳಲ್ಲಿ ಮಾಂತ್ರಿಕರೆಲ್ಲ ಬಿಳಿ ಗಡ್ಡದ ಮುದುಕರೇ ಆಗಿರುತ್ತಾರಲ್ಲ, ಅವರು ಹುಡುಗರಾಗಿದ್ದಾಗ ಹೇಗಿದ್ದರು, ಆ ವಿದ್ಯೆಯನ್ನು ಎಲ್ಲಿ ಕಲಿತರು ಅನ್ನುವ ಪ್ರಶ್ನೆಯಿಂದ ಕಥೆ ಹುಟ್ಟಿತಂತೆ. ಹ್ಯಾರಿ ಪಾಟರ್ ಬರುವುದಕ್ಕೆ 29 ವರ್ಷ ಮೊದಲು ಮಾಂತ್ರಿಕರ ಶಾಲೆಯೊಂದನ್ನು ಪುಸ್ತಕದ ನಡುವೆ ಕಟ್ಟಿ ನಿಲ್ಲಿಸಿದವರು ಇವರು.

ಗಾಂಟ್ ಅನ್ನುವುದು ಬೆಟ್ಟದಂತೆ ನಿಂತ ದ್ವೀಪ. ಅಲ್ಲಿ ಮೇಲುಗಡೆಯ ಒಂದು ಹಳ್ಳಿಯಲ್ಲಿ ಕಂಚುಗಾರನ ಮಗ ನಮ್ಮ ಹುಡುಗ. ತಾಯಿ ಸತ್ತಾಗ ಅವನಿಗೆ ಒಂದು ವರ್ಷವೂ ತುಂಬಿರಲಿಲ್ಲ. ಅಪ್ಪ ಮಾತು ಕಮ್ಮಿ, ಏಟು ಜಾಸ್ತಿ. ಹುಡುಗ ಕಾಡುಕಳೆಯ ಹಾಗೆ ತಾನಾಗಿ ಬೆಳೆಯುತ್ತಾನೆ. ಒಂದು ದಿನ ಅವನ ದೊಡ್ಡಮ್ಮ, ಊರಲ್ಲಿ ಸಣ್ಣಪುಟ್ಟ ಮಾಟಮಂತ್ರ ಗೊತ್ತಿದ್ದವಳು, ಮಾಡಿನ ಮೇಲೆ ಹತ್ತಿ ಕೂತ ಮೇಕೆಯನ್ನು ಏನೋ ಒಂದು ಮಾತು ಹೇಳಿ ಕೆಳಗಿಳಿಸುವುದನ್ನು ನೋಡುತ್ತಾನೆ. ಮರುದಿನ ಗುಡ್ಡದಲ್ಲಿ ಮೇಕೆ ಕಾಯುತ್ತಾ ಅದೇ ಮಾತನ್ನು, ಅರ್ಥ ಗೊತ್ತಿಲ್ಲದೆ, ಜೋರಾಗಿ ಕೂಗುತ್ತಾನೆ. ಮೇಕೆಗಳೆಲ್ಲ ಬರುತ್ತವೆ. ಬಂದು ಸುಮ್ಮನೆ ನಿಲ್ಲುವುದಿಲ್ಲ, ಒತ್ತೊತ್ತಾಗಿ ಅವನನ್ನು ಅಂಟಿಕೊಂಡು, ಹಳದಿ ಕಣ್ಣು ಬಿಟ್ಟು ನೋಡುತ್ತಾ, ಬಿಡಿಸಿಕೊಳ್ಳಲು ಆಗದ ಹಾಗೆ ಸುತ್ತುವರಿಯುತ್ತವೆ. ಅವನು ಓಡಿದರೆ ಅವೂ ಜೊತೆಗೆ ಓಡುತ್ತವೆ. ಇಡೀ ಕಾದಂಬರಿಯ ಗುಟ್ಟು ಈ ಒಂದು ಚಿಕ್ಕ ಘಟನೆಯಲ್ಲೇ ಇದೆ. ಕರೆಯುವುದು ಸುಲಭ, ಕರೆದದ್ದನ್ನು ಕಳಿಸುವುದು ಗೊತ್ತಿರಬೇಕು. ಮೊದಲ ಸಲ ಓದುವಾಗ ಇದು ಹಳ್ಳಿ ಹುಡುಗನ ತಮಾಷೆಯಂತೆ ಕಾಣುತ್ತದೆ. ಎರಡನೆಯ ಸಲ ಓದಿದರೆ ಆ ಮೇಕೆಗಳ ಕಣ್ಣಿನ ಮುಂದೆ ಒಂದು ನಿಮಿಷ ನಿಲ್ಲಬೇಕಾಗುತ್ತದೆ.

ಆಮೇಲೆ ಪೂರ್ವದಿಂದ ಕಾರ್ಗ್ ಜನ ದಾಳಿಗೆ ಬರುತ್ತಾರೆ. 12 ವರ್ಷದ ಹುಡುಗ ಮಂಜು ಕವಿಸಿ, ಊರನ್ನೇ ಅದರೊಳಗೆ ಬಚ್ಚಿಟ್ಟು ಉಳಿಸುತ್ತಾನೆ. ಇದನ್ನು ಲೇಖಕಿ ಬೇಗ ಬೇಗ ಹೇಳಿ ಮುಗಿಸುತ್ತಾರೆ. ಬೇರೆಯವರಾದರೆ ಇದೇ ಮೂರು ಅಧ್ಯಾಯ ಆಗುತ್ತಿತ್ತು.

ಅವರು ನಿಧಾನ ಮಾಡುವುದು ಆಮೇಲೆ, ಓಗಿಯನ್ ಬಂದ ಮೇಲೆ. ಓಗಿಯನ್ ಅಂದರೆ ಭೂಕಂಪವನ್ನೇ ಅಡಗಿಸಿದ ಮಾಂತ್ರಿಕ. ಅವನು ಹುಡುಗನಿಗೆ ಗೆಡ್ ಅನ್ನುವ ನಿಜ ಹೆಸರು ಕೊಟ್ಟು, ಶಿಷ್ಯನಾಗಿ ಕರೆದುಕೊಂಡು ಹೊರಡುತ್ತಾನೆ. ಅಂಥವನ ಹಿಂದೆ ಹೊರಟ ಹುಡುಗನಿಗೆ ಎಷ್ಟು ಆಸೆ ಇರಬೇಡ! ಪ್ರಾಣಿಗಳ ಭಾಷೆ ಬರುತ್ತದೆ, ಗಾಳಿ ಹೇಳಿದಂತೆ ಕೇಳುತ್ತದೆ, ಬೇಕಾದ ರೂಪ ತಾಳಬಹುದು ಎಂದೆಲ್ಲ ಅಂದುಕೊಂಡಿರುತ್ತಾನೆ. ಅದ್ಯಾವುದೂ ಆಗುವುದಿಲ್ಲ. ನಡೆಯುತ್ತಾರೆ, ತಿನ್ನುತ್ತಾರೆ, ಮಲಗುತ್ತಾರೆ, ಮತ್ತೆ ನಡೆಯುತ್ತಾರೆ. ಪಾಠ ಯಾವಾಗ ಶುರು ಎಂದು ಕೇಳಿದರೆ ಆಗಲೇ ಶುರುವಾಗಿದೆ ಅನ್ನುವ ಉತ್ತರ ಬರುತ್ತದೆ. ದಾರಿ ಬದಿಯ ಒಂದು ಗಿಡವನ್ನು ತೋರಿಸಿದಾಗ ಹುಡುಗ ಇದರ ಉಪಯೋಗ ಏನು ಎಂದು ಕೇಳುತ್ತಾನೆ. ನನಗೆ ಗೊತ್ತಿರುವ ಹಾಗೆ ಯಾವ ಉಪಯೋಗವೂ ಇಲ್ಲ ಅನ್ನುತ್ತಾನೆ ಗುರು. ಹುಡುಗ ಆ ಗಿಡದಿಂದ ಕಿತ್ತುಕೊಂಡಿದ್ದ ಒಣ ಬೀಜದ ಕಾಯಿಯನ್ನು ಎಸೆದುಬಿಡುತ್ತಾನೆ. ಅದರ ಬೇರು, ಎಲೆ, ಹೂವು, ಬೀಜ, ವಾಸನೆ ಎಲ್ಲವನ್ನೂ ಎಲ್ಲ ಕಾಲದಲ್ಲೂ ಗುರುತಿಸುವಷ್ಟು ಆದ ಮೇಲೆ ಅದರ ನಿಜ ಹೆಸರು ಕಲಿಯಬಹುದು ಎಂದು ಓಗಿಯನ್ ಹೇಳುವುದು ಅದಾದ ಮೇಲೆ.

ಇನ್ನೊಂದು ಕಡೆ ಮಳೆ ಬರುತ್ತದೆ. ಮಳೆಯನ್ನು ಆಚೆ ತಳ್ಳುವುದು ಊರಿನ ಸಣ್ಣ ಮಂತ್ರವಾದಿಗೂ ಗೊತ್ತಿರುವ ವಿದ್ಯೆ. ಮೋಡವನ್ನು ಒಬ್ಬ ಇತ್ತ ತಳ್ಳಿದರೆ ಇನ್ನೊಬ್ಬ ಅತ್ತ ತಳ್ಳುತ್ತಾನೆ, ಕೊನೆಗೆ ಆ ಮೋಡ ಸಮುದ್ರದ ಮೇಲೆ ಹೋಗಿ ಸುರಿದು ಹಗುರವಾಗುತ್ತದೆ. ಓಗಿಯನ್ ಮಾತ್ರ ಮಳೆಯನ್ನು ಅದರ ಪಾಡಿಗೆ ಸುರಿಯಲು ಬಿಟ್ಟು, ಒಂದು ದಟ್ಟ ಮರ ಹುಡುಕಿ ಅದರ ಕೆಳಗೆ ಮಲಗುತ್ತಾನೆ. ಗೆಡ್ ತೊಟ್ಟಿಕ್ಕುವ ಪೊದೆಗಳ ಮಧ್ಯೆ ಮುದುಡಿ ಕೂತು, ಶಕ್ತಿ ಇದ್ದು ಬಳಸದಿದ್ದರೆ ಏನು ಬಂತು ಎಂದು ಒಳಗೊಳಗೇ ಸಿಟ್ಟಾಗುತ್ತಾನೆ. ಓದುವ ನಾವೂ ಆಗ ಅವನ ಪಕ್ಷವೇ. ಗುರು ಯಾಕೆ ಹೀಗೆ ಮಾಡಿದ ಅನ್ನುವುದಕ್ಕೆ ಅಲ್ಲಿ ವಿವರಣೆ ಇಲ್ಲ. ಎಷ್ಟೋ ಪುಟಗಳ ನಂತರ, ಬೇರೆ ಊರಲ್ಲಿ, ಬೇರೆ ಗುರುವಿನ ಪಾಠದಲ್ಲಿ ಉತ್ತರ ಬರುತ್ತದೆ. ಇಲ್ಲಿ ಮಳೆ ತಂದರೆ ಇನ್ನೊಂದು ದ್ವೀಪದಲ್ಲಿ ಬರ ಬೀಳಬಹುದು ಎಂದು ಆ ಗುರು ಹೇಳುತ್ತಾನೆ. ಆಗ ಆ ಮರದ ಕೆಳಗೆ ಮಲಗಿದ್ದ ಓಗಿಯನ್ ನೆನಪಾಗುತ್ತಾನೆ. ಇದನ್ನು ನೆನಪಿಸಿಕೊಳ್ಳಿ ಎಂದು ಲೇಖಕಿ ಒಂದು ಮಾತೂ ಹೇಳುವುದಿಲ್ಲ. ಓದುಗರ ಮೇಲೆ ಇಷ್ಟು ನಂಬಿಕೆ ಇಟ್ಟು ಬರೆದ ಮಕ್ಕಳ ಪುಸ್ತಕ ಎಷ್ಟಿವೆ ಹೇಳಿ.

ಗೆಡ್‌ಗೆ ಈ ತಾಳ್ಮೆ ಇಲ್ಲ. ಒಬ್ಬ ಹುಡುಗಿ ಕೆಣಕಿದಳು ಎಂದು ಗುರುವಿನ ಪುಸ್ತಕ ತೆಗೆದು ಓದಬಾರದ್ದನ್ನು ಓದುತ್ತಾನೆ. ಬಾಗಿಲ ಪಕ್ಕದ ಕತ್ತಲಲ್ಲಿ ಏನೋ ಒಂದು ಮೈಮುದುಡಿಕೊಂಡು ಕೂತಿರುವುದು ಕಾಣುತ್ತದೆ. ಓಗಿಯನ್ ಬೆಳಕು ಹಿಡಿದು ಒಳಗೆ ಬಂದು ಅದನ್ನು ಓಡಿಸುತ್ತಾನೆ, ಬೈಯುವುದಿಲ್ಲ. ನನ್ನ ಜೊತೆ ಇರು, ಇಲ್ಲವಾದರೆ ರೋಕ್ ದ್ವೀಪದ ಶಾಲೆಗೆ ಹೋಗು, ಆಯ್ಕೆ ನಿನ್ನದು ಅನ್ನುತ್ತಾನೆ. ಆ ಹೊತ್ತಿಗೆ ಹುಡುಗನಿಗೆ ಗುರುವಿನ ಮೇಲೆ ನಿಜವಾದ ಪ್ರೀತಿ ಹುಟ್ಟಿರುತ್ತದೆ. ಆದರೂ ಹೊರಡುತ್ತಾನೆ. ಹೆಸರು ಮಾಡಬೇಕು ಅನ್ನುವ ಆಸೆ ಆ ಪ್ರೀತಿಗಿಂತ ಜೋರಾಗಿರುತ್ತದೆ. ಈ ಭಾಗ ಓದುವಾಗ ನನಗೆ ಪ್ರತಿ ಸಲ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ, ಯಾಕೆಂದರೆ ಆ ವಯಸ್ಸಿನಲ್ಲಿ ಯಾರಾದರೂ ಅದನ್ನೇ ಮಾಡುತ್ತಾರೆ.

ರೋಕ್ ಶಾಲೆಯ ಬಗ್ಗೆ ಬರೆಯದೆ ಇರಲಾಗುವುದಿಲ್ಲ. ಒಳಗೆ ಹೋಗಬೇಕಾದರೆ ಬಾಗಿಲು ಕಾಯುವ ಗುರುವಿಗೆ ನಿಮ್ಮ ನಿಜ ಹೆಸರು ಹೇಳಬೇಕು. ಓದು ಮುಗಿಸಿ ಹೊರಗೆ ಹೋಗಬೇಕಾದರೆ ಆ ಗುರುವಿನ ಹೆಸರನ್ನು ನೀವು ಪತ್ತೆ ಮಾಡಬೇಕು. ವರ್ಷಗಟ್ಟಲೆ ಕಲಿತ ಮಂತ್ರಗಳಲ್ಲಿ ಯಾವುದರಿಂದಲೂ ಆ ಹೆಸರು ಸಿಗುವುದಿಲ್ಲ ಎಂದು ಗೆಡ್‌ಗೆ ಗೊತ್ತಾಗುತ್ತದೆ. ಅವನು ಕೊನೆಗೆ ಏನು ಮಾಡುತ್ತಾನೆ ಅನ್ನುವುದನ್ನು ನೀವೇ ಓದಬೇಕು. ಇಡೀ ಪುಸ್ತಕದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಅದು. ಇನ್ನೊಬ್ಬ ಗುರು ಇದ್ದಾನೆ, ದೂರದ ಒಂಟಿ ಗೋಪುರದಲ್ಲಿ ಕೂತು ಹೆಸರುಗಳನ್ನು ಕಲಿಸುವವನು. ಪಾಠ ಅಂದರೆ ಹೆಸರುಗಳ ಪಟ್ಟಿ. ಮಧ್ಯರಾತ್ರಿಯೊಳಗೆ ಬಾಯಿಪಾಠ ಆಗಬೇಕು, ಆಮೇಲೆ ಮಸಿ ಮಾಯವಾಗಿ ಹಾಳೆ ಖಾಲಿಯಾಗುತ್ತದೆ. ಯಾವುದೋ ಒಂದು ಪುಟ್ಟ ದ್ವೀಪದ ದಡದಲ್ಲಿರುವ ಒಂದೊಂದು ಕೊಲ್ಲಿ, ಒಂದೊಂದು ಕಾಲುವೆ, ಒಂದೊಂದು ಬಂಡೆಯ ಹೆಸರು. ಸಮುದ್ರವನ್ನು ಆಳಬೇಕು ಅನ್ನುವವನಿಗೆ ಅದರ ಒಂದೊಂದು ಹನಿಯ ಹೆಸರೂ ಗೊತ್ತಿರಬೇಕಾಗುತ್ತದೆ ಎಂದು ಆ ಗುರು ಹೇಳುತ್ತಾನೆ. ಇಲ್ಲಿ ಮಂತ್ರ ಅಂದರೆ ಕೋಲು ಬೀಸಿ ಏನೋ ಒಂದು ಕೂಗುವುದಲ್ಲ. ಕೂತು ಓದುವುದು, ಮರೆತರೆ ಮತ್ತೆ ಓದುವುದು.

ಮಾಯೆಯ ಆಟ ಕಲಿಸುವ ಗುರು ಒಂದು ಕಲ್ಲನ್ನು ವಜ್ರ ಮಾಡಿ ತೋರಿಸಿ, ಮತ್ತೆ ಕಲ್ಲು ಮಾಡುತ್ತಾನೆ. ಗೆಡ್‌ಗೆ ಅದು ವಜ್ರವಾಗಿಯೇ ಉಳಿಯಬೇಕು. ಹಾಗೆ ಮಾಡಬಹುದು, ಆದರೆ ಒಂದು ಕಲ್ಲು, ಒಂದು ಮರಳಿನ ಕಣವನ್ನು ಬದಲಿಸಬೇಕಾದರೂ ಅದರಿಂದ ಯಾವ ಒಳ್ಳೆಯದು ಯಾವ ಕೆಟ್ಟದ್ದು ಹುಟ್ಟುತ್ತದೆ ಎಂದು ಮೊದಲು ತಿಳಿದಿರಬೇಕು ಅನ್ನುತ್ತಾನೆ ಗುರು. ಆ ಕಲ್ಲು ಬರೀ ಕಲ್ಲಾಗಿದ್ದರೂ ಒಳ್ಳೆಯದೇ ಎಂದೂ ಹೇಳುತ್ತಾನೆ. ಲೆ ಗ್ವಿನ್ ಮುಂದೆ 1997ರಲ್ಲಿ ಚೀನಾದ ಹಳೆಯ ತತ್ವಗ್ರಂಥ ದಾವ್ ದೇ ಜಿಂಗ್ ಅನ್ನು ತಮ್ಮ ಇಂಗ್ಲಿಷಿಗೆ ತಂದವರು. ಲೋಕದ ತೂಕ ತಪ್ಪಬಾರದು ಅನ್ನುವ ಈ ಯೋಚನೆ ಅವರಿಗೆ ಎಷ್ಟು ಹಿಂದಿನಿಂದ ಇತ್ತು ಎಂದು ಈ ಪುಟಗಳಲ್ಲಿ ಕಾಣುತ್ತದೆ.

ಇಷ್ಟೆಲ್ಲ ಕೇಳಿಯೂ ಗೆಡ್ ಕೇಳಿಸಿಕೊಳ್ಳುವುದಿಲ್ಲ. ಜಾಸ್ಪರ್ ಎಂಬ ನಯವಾದ ಮಾತಿನ, ದೊಡ್ಡ ಮನೆತನದ ಹುಡುಗನೊಬ್ಬ ಇದ್ದಾನೆ. ಅವನ ಎದುರು ತಾನು ದೊಡ್ಡವನು ಎಂದು ತೋರಿಸಲು ಗೆಡ್ ಒಂದು ರಾತ್ರಿ ಸತ್ತವರನ್ನು ಕರೆಯುತ್ತಾನೆ. ಅವನು ಕರೆದ ಹೆಂಗಸು ಒಂದು ಕ್ಷಣ ಕಾಣುತ್ತಾಳೆ, ಆದರೆ ಅವಳ ಜೊತೆ ಇನ್ನೊಂದು ಬರುತ್ತದೆ. ಕಪ್ಪನೆಯ ನೆರಳಿನ ತುಣುಕಿನಂಥದ್ದು, ಅವನ ಮುಖಕ್ಕೇ ಹಾರಿ ಪರಚುತ್ತದೆ. ಅವನನ್ನು ಉಳಿಸಲು ಹೋಗಿ ಶಾಲೆಯ ಹಿರಿಯ ಗುರು ಪ್ರಾಣ ಬಿಡುತ್ತಾನೆ.

ಇಲ್ಲಿಂದ ಮುಂದೆ ಪುಸ್ತಕ ಬೇರೆಯೇ ಆಗುತ್ತದೆ, ನನ್ನ ಮಟ್ಟಿಗೆ ದೊಡ್ಡದಾಗುತ್ತದೆ. ಗೆಡ್ ತಿಂಗಳುಗಟ್ಟಲೆ ಹಾಸಿಗೆ ಹಿಡಿಯುತ್ತಾನೆ. ಎದ್ದ ಮೇಲೆ ಮುಖದಲ್ಲಿ ಗಾಯದ ಗುರುತು, ಮಾತು ತೊದಲುತ್ತದೆ. ಎಲ್ಲರಿಗಿಂತ ಮುಂದೆ ಇದ್ದವನು ತನಗಿಂತ ಚಿಕ್ಕವರ ಜೊತೆ ಕೂತು, ಮೊದಲು ಸಲೀಸಾಗಿ ಬರುತ್ತಿದ್ದುದನ್ನೇ ಹೆದರಿ ಹೆದರಿ ಕಲಿಯಬೇಕಾಗುತ್ತದೆ. ಜಾಸ್ಪರ್ ಓದು ಮುಗಿಸದೆಯೇ ಹೊರಟುಹೋಗಿರುತ್ತಾನೆ, ಮತ್ತೆ ಕಥೆಯಲ್ಲಿ ಬರುವುದಿಲ್ಲ. ಅವನ ಮೇಲೆ ಸೇಡು ಇಲ್ಲ, ಕೊನೆಯ ಕಾಳಗ ಇಲ್ಲ. ಶತ್ರು ಅವನಲ್ಲವೇ ಅಲ್ಲ ಅನ್ನುವುದನ್ನು ಲೇಖಕಿ ಎಷ್ಟು ಸಹಜವಾಗಿ ತೋರಿಸಿಬಿಟ್ಟರು ನೋಡಿ.

ಆ ಕಷ್ಟದ ಹೊತ್ತಲ್ಲಿ ವೆಚ್ ಎಂಬ ಗೆಳೆಯ ಬಂದು ತನ್ನ ನಿಜ ಹೆಸರನ್ನು ಗೆಡ್‌ಗೆ ಹೇಳಿ ಹೋಗುತ್ತಾನೆ. ಈ ಲೋಕದಲ್ಲಿ ಅದು ಎಷ್ಟು ದೊಡ್ಡ ಕೊಡುಗೆ ಎಂದು ಗೊತ್ತಾಗಲು ಹೆಸರಿನ ವಿಷಯ ಸ್ವಲ್ಪ ಹೇಳಬೇಕು. ಅರ್ತ್‌ಸೀಯಲ್ಲಿ ಎಲ್ಲರಿಗೂ ಎರಡು ಹೆಸರು. ಒಂದು ಕರೆಯುವ ಹೆಸರು, ಇನ್ನೊಂದು ಯಾರಿಗೂ ಹೇಳದ ಹೆಸರು. ಆ ಎರಡನೆಯದು ಗೊತ್ತಾದರೆ ಮನುಷ್ಯನಾಗಲಿ, ಗಾಳಿಯಾಗಲಿ, ಡ್ರ್ಯಾಗನ್ ಆಗಲಿ, ಕೈಗೆ ಸಿಕ್ಕ ಹಾಗೆ. ನಮ್ಮ ಕಡೆ ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಹೊತ್ತು ಹಾವು ಅನ್ನಬಾರದು, ಹುಳ ಅನ್ನಬೇಕು ಎಂದು ಹೇಳುವ ಅಜ್ಜಿಯರ ಮನೆಯಲ್ಲಿ ಬೆಳೆದವರು ನಾವು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದೆ, ಮದುವೆ ಮನೆಯಲ್ಲಿ ಎಲ್ಲರೂ ಕಾಡಿಸಿದಾಗ ಮಾತ್ರ ಒಗಟಿನಲ್ಲಿ ಸೇರಿಸಿ ಹೇಳುವವರನ್ನು ನೋಡಿದ್ದೇವೆ. ಹೆಸರಿಗೆ ಬಲ ಇದೆ ಅನ್ನುವುದು ನಮಗೆ ಕಥೆಗಾಗಿ ಕಟ್ಟಿದ ನಿಯಮ ಅನ್ನಿಸುವುದೇ ಇಲ್ಲ, ಹಾಗಾಗಿ ವೆಚ್ ಹೆಸರು ಹೇಳುವ ಸಾಲು ನೇರ ಎದೆಗೆ ತಾಗುತ್ತದೆ. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ.

ಓದು ಮುಗಿದ ಮೇಲೆ ಗೆಡ್ ದೊಡ್ಡ ಊರು ಕೇಳುವುದಿಲ್ಲ, ಬಡ ಮೀನುಗಾರರ ಚಿಕ್ಕ ದ್ವೀಪಕ್ಕೆ ಹೋಗುತ್ತಾನೆ. ಅಲ್ಲಿ ದೋಣಿ ಕಟ್ಟುವ ಒಬ್ಬನ ಸ್ನೇಹವಾಗುತ್ತದೆ. ಇವನು ಅವನ ದೋಣಿಗಳಿಗೆ ರಕ್ಷೆಯ ಮಂತ್ರ ಹಾಕಿಕೊಡುತ್ತಾನೆ, ಅವನು ಇವನಿಗೆ ಹುಟ್ಟು ಹಾಕುವುದು, ಹಾಯಿ ಕಟ್ಟುವುದು ಕಲಿಸುತ್ತಾನೆ. ಒಂದು ರಾತ್ರಿ ಆ ಗೆಳೆಯನ ಪುಟ್ಟ ಮಗ ಜ್ವರದಲ್ಲಿ ಸಾಯುತ್ತಿರುತ್ತಾನೆ. ಗಾಯ ವಾಸಿ ಮಾಡು, ರೋಗ ಗುಣ ಮಾಡು, ಹೋಗುವ ಜೀವವನ್ನು ಮಾತ್ರ ಹೋಗಲು ಬಿಡು ಅನ್ನುವುದು ಗೆಡ್ ಕಲಿತ ಮೊದಲ ಪಾಠ. ತಾಯಿಯ ಮುಖ ನೋಡಿ ಅವನಿಗೆ ಅದು ಆಗುವುದಿಲ್ಲ. ಮಗುವಿನ ಹಿಂದೆ ಸಾವಿನ ಇಳಿಜಾರಿನಲ್ಲಿ ಓಡುತ್ತಾನೆ. ಮಗು ಮುಂದೆ ಮುಂದೆ ಓಡುತ್ತಿರುತ್ತದೆ, ಇವನ ಕೈಗೆ ಸಿಗುವುದಿಲ್ಲ. ತಿರುಗಿ ಬರಲು ನೋಡಿದರೆ ಒಂದು ತಗ್ಗು ಕಲ್ಲುಗೋಡೆ, ಅದರ ಆಚೆ ಬದುಕಿರುವವರ ಕಡೆಯಲ್ಲಿ ಆ ನೆರಳು ಕಾದು ನಿಂತಿರುತ್ತದೆ. ಹೇಗೋ ದಾಟಿ ಬರುತ್ತಾನೆ, ಆದರೆ ಎಚ್ಚರವಾಗುವುದಿಲ್ಲ. ಸತ್ತನೆಂದೇ ಎಲ್ಲರೂ ತಿಳಿದಿರುವಾಗ ಅವನು ಸಾಕಿದ್ದ ಓಟಾಕ್, ಇಲಿಗಿಂತ ಸ್ವಲ್ಪ ದೊಡ್ಡದಾದ ಒಂದು ಪ್ರಾಣಿ, ಬಂದು ಅವನನ್ನು ನೆಕ್ಕುತ್ತದೆ. ಅವನನ್ನು ವಾಪಸ್ಸು ಕರೆತಂದದ್ದು ಅದೇ. ಯಾವ ಮಂತ್ರವೂ ಅಲ್ಲ. ಈ ನಾಲ್ಕೈದು ಪುಟಗಳಲ್ಲಿ ಒಂದು ಅಳುವಿನ ಮಾತೂ ಹೆಚ್ಚಿಲ್ಲ. ಮಗು ಉಳಿಯುವುದಿಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ, ಚಿಕ್ಕ ಮಕ್ಕಳಿಗೆ ಓದಿ ಹೇಳುವವರಿಗೆ ಗೊತ್ತಿರಲಿ.

ಡ್ರ್ಯಾಗನ್ ಜೊತೆಗಿನ ಭೇಟಿಯೂ ಇದೇ ಭಾಗದಲ್ಲಿ ಇದೆ. ಡ್ರ್ಯಾಗನ್ ಅಂದರೆ ಬೆಂಕಿ ಉಗುಳುವ ಪ್ರಾಣಿ ಮಾತ್ರ ಎಂದು ತಿಳಿದವರು ಪೆಂಡೋರ್ ದ್ವೀಪದ ಈ ಮುದಿ ಡ್ರ್ಯಾಗನ್ ಜೊತೆ ಗೆಡ್ ನಡೆಸುವ ಮಾತುಕತೆ ಓದಬೇಕು. ಅದು ವ್ಯಾಪಾರ ಕುದುರಿಸುತ್ತದೆ. ನಿನ್ನ ಹಿಂದೆ ಬಿದ್ದಿರುವ ನೆರಳಿನ ಹೆಸರು ಹೇಳುತ್ತೇನೆ, ನನ್ನನ್ನು ಬಿಟ್ಟುಬಿಡು ಅನ್ನುತ್ತದೆ. ಗೆಡ್‌ಗೆ ಲೋಕದಲ್ಲಿ ಅದಕ್ಕಿಂತ ಬೇಕಾದದ್ದು ಏನೂ ಇಲ್ಲ. ಆದರೆ ಅವನು ಬಂದಿರುವುದು ಆ ಮೀನುಗಾರರ ಸಲುವಾಗಿ. ತನಗೆ ಬೇಕಾದದ್ದನ್ನು ಬಿಟ್ಟು, ಆ ಜನರ ಕಡೆ ಇನ್ನು ಹಾರಿ ಬರಬಾರದು ಎಂದು ಆಣೆ ಹಾಕಿಸಿಕೊಳ್ಳುತ್ತಾನೆ. ಒಂದು ಕಾಲಕ್ಕೆ ಜಾಸ್ಪರ್ ಎದುರು ಗೆಲ್ಲಲು ಏನು ಬೇಕಾದರೂ ಮಾಡುತ್ತಿದ್ದ ಹುಡುಗ ಇವನೇ.

ಉಳಿದ ಅರ್ಧ ಪುಸ್ತಕ ಬೆನ್ನಟ್ಟುವ ಕಥೆ. ಮೊದಲು ನೆರಳು ಇವನನ್ನು ಬೆನ್ನಟ್ಟುತ್ತದೆ. ಸಾಕಾಗಿ, ಸೋತು, ಮತ್ತೆ ಓಗಿಯನ್ ಮನೆಗೆ ಬಂದು ಬೀಳುತ್ತಾನೆ. ತಿರುಗಿ ನಿಲ್ಲು, ನೀನೇ ಅದನ್ನು ಬೆನ್ನಟ್ಟು ಎಂದು ಗುರು ಹೇಳಿದ ಮೇಲೆ ಕಥೆಯ ದಿಕ್ಕೇ ಬದಲಾಗುತ್ತದೆ. ಆಮೇಲೆ ಬರೀ ಸಮುದ್ರ, ದೋಣಿ, ಚಳಿಗಾಲ. ಇಲ್ಲಿ ಸಣ್ಣ ಸಣ್ಣ ಭೇಟಿಗಳನ್ನು ಲೇಖಕಿ ಎಷ್ಟು ಚೆನ್ನಾಗಿ ಬರೆದಿದ್ದಾರೆ ಅಂದರೆ, ಮುಖ್ಯ ಕಥೆಗಿಂತ ಅವೇ ನೆನಪಲ್ಲಿ ಉಳಿಯುತ್ತವೆ. ಮರಳದಿಬ್ಬದಷ್ಟು ದ್ವೀಪದಲ್ಲಿ ಚಿಕ್ಕಂದಿನಿಂದ ಸಿಕ್ಕಿಬಿದ್ದಿರುವ ಮುದುಕ ಅಣ್ಣ, ಮುದುಕಿ ತಂಗಿ ಇದ್ದಾರೆ. ಮುದುಕಿ ತಾನು ಮಗುವಾಗಿದ್ದಾಗ ಹಾಕಿಕೊಂಡಿದ್ದ ರೇಷ್ಮೆ ಅಂಗಿ ತೆಗೆದು ತೋರಿಸುತ್ತಾಳೆ, ಒಂದು ಮುರಿದ ಉಂಗುರದ ತುಂಡನ್ನು ಗೆಡ್ ಕೈಗೆ ಕೊಡುತ್ತಾಳೆ. ಅದು ಏನು ಎಂದು ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಇನ್ನೊಂದು ಕಡೆ ಒಬ್ಬ ಮುದುಕ ಮೀನುಗಾರನ ಕಣ್ಣಿನ ಪೊರೆ ತೆಗೆದು ದೃಷ್ಟಿ ಕೊಡುತ್ತಾನೆ, ಅವನಿಂದ ಹಳೆಯ ದೋಣಿ ಪಡೆಯುತ್ತಾನೆ. ಮುದುಕ ದೋಣಿಗೆ ಹೊಸ ಹೆಸರಿಡಲು ಹೇಳಿ, ಮುಂಭಾಗದಲ್ಲಿ ಎರಡು ಕಣ್ಣು ಬರೆಯಿಸು ಅನ್ನುತ್ತಾನೆ. ನನ್ನ ಕೃತಜ್ಞತೆ ಆ ಕಣ್ಣುಗಳಿಂದ ನಿನಗೋಸ್ಕರ ದಾರಿ ನೋಡುತ್ತಿರುತ್ತದೆ ಅನ್ನುವುದು ಅವನ ಮಾತಿನ ಅರ್ಥ.

ಕೊನೆಯ ಅಧ್ಯಾಯದ ಬಗ್ಗೆ ಏನೂ ಹೇಳುವುದಿಲ್ಲ, ಯಾರಾದರೂ ಹೇಳಲು ಬಂದರೆ ಕಿವಿ ಮುಚ್ಚಿಕೊಳ್ಳಿ. ಸೈನ್ಯ ಇಲ್ಲ, ರಣರಂಗ ಇಲ್ಲ, ಕೋಟೆ ಉರುಳುವುದಿಲ್ಲ ಎಂದಷ್ಟೇ ಹೇಳಬಹುದು. ಕೆಟ್ಟವರನ್ನೆಲ್ಲ ಒಂದು ಕಡೆ ನಿಲ್ಲಿಸಿ ಕೊಂದು ಮುಗಿಸುವ ಕಥೆ ತಾನು ಬರೆಯಬಾರದು ಎಂದು ಲೇಖಕಿ ಬೇಕೆಂದೇ ತೀರ್ಮಾನ ಮಾಡಿದ್ದರು. ದೊಡ್ಡ ಯುದ್ಧ ನಿರೀಕ್ಷಿಸುವವರಿಗೆ ಇದು ಚಪ್ಪೆ ಅನ್ನಿಸಬಹುದು. ನನಗೆ ಇದಕ್ಕಿಂತ ಸರಿಯಾದ ಮುಕ್ತಾಯ ಹೊಳೆಯುವುದಿಲ್ಲ.

ಇನ್ನೊಂದು ವಿಷಯ ಖಂಡಿತ ಹೇಳಲೇಬೇಕು. ಗೆಡ್ ಮೈಬಣ್ಣ ಕೆಂಪು ಮಿಶ್ರಿತ ಕಂದು. ವೆಚ್ ಇನ್ನೂ ಕಪ್ಪು. ಬಿಳಿ ಚರ್ಮ, ಹಳದಿ ಕೂದಲು ಇರುವವರು ದಾಳಿ ಮಾಡಲು ಬರುವ ಕಾರ್ಗ್ ಜನ. 1968ರಲ್ಲಿ ಅಮೆರಿಕದಲ್ಲಿ ಕೂತು ಬೇಕೆಂದೇ ಹೀಗೆ ಬರೆದರು, ಅದೂ ಎಲ್ಲೂ ಭಾಷಣ ಮಾಡದೆ, ಕಥೆಯೊಳಗೆ ಒಂದೊಂದು ಮಾತಾಗಿ ಸೇರಿಸುತ್ತಾ. ಆದರೆ ಎಷ್ಟೋ ಮುದ್ರಣಗಳ ಮುಖಪುಟದಲ್ಲಿ ಬಿಳಿ ಹುಡುಗನ ಚಿತ್ರವೇ ಬಂತು. 2004ರಲ್ಲಿ ಬಂದ ಟಿವಿ ಸರಣಿಯಲ್ಲೂ ಗೆಡ್ ಬಿಳಿಯನಾದ, ಲೆ ಗ್ವಿನ್ ಅದನ್ನು ಬಹಿರಂಗವಾಗಿಯೇ ಖಂಡಿಸಿ ಬರೆದರು. ಇಂಗ್ಲಿಷ್ ಫ್ಯಾಂಟಸಿ ಓದಿ ಓದಿ, ಸಾಹಸ ಮಾಡುವವರು ಅಂದರೆ ಬೆಳ್ಳಗಿರುವವರು ಎಂದು ತಲೆಯಲ್ಲಿ ಕೂತುಬಿಟ್ಟಿರುವ ನಮ್ಮ ಮಕ್ಕಳಿಗೆ ಇದು ಎಷ್ಟು ಮುಖ್ಯ ಅಲ್ವಾ?

ಇಷ್ಟು ಮೆಚ್ಚಿದ ಮೇಲೆ ದೂರುಗಳನ್ನೂ ಹೇಳುತ್ತೇನೆ. ಹೆಂಗಸರಿಗೆ ಈ ಪುಸ್ತಕದಲ್ಲಿ ಜಾಗ ಬಹಳ ಕಮ್ಮಿ. ರೋಕ್ ಶಾಲೆಯಲ್ಲಿ ಹುಡುಗಿಯರೇ ಇಲ್ಲ. ಹೆಂಗಸರ ಮಂತ್ರ ದುರ್ಬಲ, ಹೆಂಗಸರ ಮಂತ್ರ ಕೆಟ್ಟದ್ದು ಅನ್ನುವ ಅರ್ಥದ ಗಾದೆಗಳು ಗಾಂಟ್ ಜನರ ಬಾಯಲ್ಲಿ ಬರುತ್ತವೆ, ಕಥೆ ಅವನ್ನು ಎದುರಿಸುವುದೂ ಇಲ್ಲ. ದೊಡ್ಡಮ್ಮ ಸ್ವಲ್ಪ ದುರಾಸೆಯವಳು, ಕೆಣಕಿದ ಹುಡುಗಿ ಮುಂದೆ ಇನ್ನೂ ದೊಡ್ಡ ಆಮಿಷವಾಗಿ ಬರುತ್ತಾಳೆ. ವೆಚ್‌ನ ತಂಗಿ ಒಬ್ಬಳು ಮಾತ್ರ ನಗುತ್ತಾ, ಪ್ರಶ್ನೆ ಕೇಳುತ್ತಾ ನಿಜವಾದ ಹುಡುಗಿಯಾಗಿ ಕಾಣುತ್ತಾಳೆ, ಅದೂ ಕೆಲವೇ ಪುಟ. ಇದು ನನಗೆ ಇಂದಿಗೂ ಚುಚ್ಚುತ್ತದೆ. ಲೇಖಕಿಗೂ ಚುಚ್ಚಿತು. 1990ರಲ್ಲಿ ಬಂದ ನಾಲ್ಕನೆಯ ಪುಸ್ತಕ ‘ಟೆಹಾನು’ದಲ್ಲಿ ಅವರು ತಾವೇ ಕಟ್ಟಿದ ಲೋಕವನ್ನು ಹೆಂಗಸಿನ ಕಣ್ಣಿಂದ ಮತ್ತೆ ನೋಡಿದರು.

ಎರಡನೆಯದು, ನಡುವೆ ಓಸ್ಕಿಲ್ ಎಂಬ ಉತ್ತರದ ದ್ವೀಪದಲ್ಲಿ ನಡೆಯುವ ಭಾಗ. ಕೋಟೆ, ಮಾತಾಡುವ ಹಳೆಯ ಕಲ್ಲು, ಆಮಿಷ ಒಡ್ಡುವ ಸುಂದರಿ, ಎಲ್ಲ ಬೇರೆ ಯಾವುದೋ ಕಥೆಯಿಂದ ಬಂದ ಹಾಗಿದೆ. ಕೆಟ್ಟದಾಗಿದೆ ಅನ್ನುವುದಿಲ್ಲ, ಆದರೆ ಮೀನುಗಾರರ ದ್ವೀಪದಲ್ಲಿ ಸಿಕ್ಕ ಬಿಸಿ ಅಲ್ಲಿ ಸಿಗುವುದಿಲ್ಲ.

ಭಾಷೆಯ ಬಗ್ಗೆ ಹೇಳುವುದಾದರೆ ಇಂಗ್ಲಿಷ್ ಕಷ್ಟದ್ದಲ್ಲ, ಆದರೆ ಓಟದ ಇಂಗ್ಲಿಷ್ ಅಲ್ಲ. ಮಾತುಕತೆ ಕಮ್ಮಿ, ಹೇಳಿಕೆ ಜಾಸ್ತಿ, ಹಳೆಯ ಕಾಲದ ಲಾವಣಿ ಹೇಳುವವರ ಧಾಟಿ. ಒಂದು ವಾಕ್ಯದಲ್ಲಿ ಒಂದು ಚಳಿಗಾಲ ಕಳೆದುಹೋಗುತ್ತದೆ. ಕಣ್ಣಾಡಿಸಿಕೊಂಡು ಹೋಗುವವರಿಗೆ ಏನೂ ಸಿಗುವುದಿಲ್ಲ, ಮುಖ್ಯವಾದದ್ದನ್ನು ಅರ್ಧ ಸಾಲಲ್ಲಿ ಹೇಳಿ ಮುಂದೆ ಹೋಗಿರುತ್ತಾರೆ. ಜೋರಾಗಿ ಓದಿ ನೋಡಿ, ವಾಕ್ಯಗಳಿಗೆ ಒಂದು ಲಯ ಇದೆ, ಕೇಳುವವರು ಸುಮ್ಮನಾಗಿಬಿಡುತ್ತಾರೆ. ಇಂಗ್ಲಿಷ್ ಕಥೆಗಳನ್ನು ಸ್ವಂತವಾಗಿ ಓದಲು ಶುರುಮಾಡಿದ ಹೈಸ್ಕೂಲು ಮಕ್ಕಳಿಗೆ ಧಾರಾಳವಾಗಿ ಕೊಡಬಹುದು. ಅದಕ್ಕಿಂತ ಚಿಕ್ಕವರಿಗೆ ದೊಡ್ಡವರು ಪಕ್ಕದಲ್ಲಿ ಕೂತು ಓದಿದರೆ ಒಳ್ಳೆಯದು, ಬಾಗಿಲ ಪಕ್ಕದ ನೆರಳು ನಿಜಕ್ಕೂ ಹೆದರಿಸುತ್ತದೆ.

ಕೊಳ್ಳುವಾಗ ಒಂದು ಸಲಹೆ. 2018ರಲ್ಲಿ, ಮೊದಲ ಪುಸ್ತಕಕ್ಕೆ 50 ವರ್ಷ ತುಂಬಿದಾಗ, ಸರಣಿ ಪೂರ್ತಿ ಒಂದೇ ಸಂಪುಟದಲ್ಲಿ ಚಾರ್ಲ್ಸ್ ವೆಸ್ ಅವರ ಚಿತ್ರಗಳ ಜೊತೆ ಬಂತು. ಅದೇ ವರ್ಷ ಜನವರಿಯಲ್ಲಿ ಲೆ ಗ್ವಿನ್ ತೀರಿಕೊಂಡಿದ್ದರು, ಅಚ್ಚಾದ ಪುಸ್ತಕವನ್ನು ಅವರು ನೋಡಲಿಲ್ಲ. ಚಿತ್ರಗಳು ಬಹಳ ಚೆನ್ನಾಗಿವೆ. ಆದರೆ ಮೊದಲ ಸಲ ಓದುವವರು ಅದಕ್ಕೆ ಕೈ ಹಾಕಬೇಡಿ, ಮಲಗಿ ಓದಲು ಆಗದಷ್ಟು ಭಾರ ಇದೆ. ಬಿಡಿ ಪೇಪರ್‌ಬ್ಯಾಕ್ ಸಾಕು. ಅದರಲ್ಲೂ ಲೇಖಕಿಯ ಹಿನ್ನುಡಿ ಇರುವ ಮುದ್ರಣ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಆದರೆ ಹಿನ್ನುಡಿಯನ್ನು ಕೊನೆಯಲ್ಲೇ ಓದಿ. ಮೊಬೈಲಿನಲ್ಲಿ ಓದಬಹುದು, ಆದರೆ ನಕ್ಷೆ ನೋಡಲು ಕಷ್ಟ. ನಕ್ಷೆ ಪಕ್ಕದಲ್ಲಿ ಇಲ್ಲದೆ ಈ ಪುಸ್ತಕ ಓದಿದರೆ ಅರ್ಧ ಸಂತೋಷ ಹೋದ ಹಾಗೆ. ಗೆಡ್ ದೋಣಿ ಯಾವ ದ್ವೀಪ ದಾಟಿತು, ಇನ್ನು ಪೂರ್ವಕ್ಕೆ ನೆಲ ಉಳಿದಿದೆಯೇ ಎಂದು ಬೆರಳಿಟ್ಟು ನೋಡುತ್ತಾ ಹೋಗಬೇಕು. ಕೊನೆಯಲ್ಲಿ ಬೆರಳು ನಕ್ಷೆಯ ಅಂಚಿಗೆ ಬಂದಾಗ ಆಗುವ ದಿಗಿಲನ್ನು ಯಾಕೆ ಕಳೆದುಕೊಳ್ಳಬೇಕು?

ಇದು ಹಿಡಿಸಿದರೆ ಬರೆದ ಕ್ರಮದಲ್ಲೇ ಮುಂದೆ ಹೋಗಿ. 1971ರ ‘ದಿ ಟೂಂಬ್ಸ್ ಆಫ್ ಅಟುವಾನ್’ ಎರಡನೆಯದು, 1972ರ ‘ದಿ ಫಾರ್ದೆಸ್ಟ್ ಶೋರ್’ ಮೂರನೆಯದು. ಎರಡನೆಯದರಲ್ಲಿ ಗೆಡ್ ಎಷ್ಟೋ ಹೊತ್ತು ಕಾಣಿಸುವುದೇ ಇಲ್ಲ, ಅದಕ್ಕೆ ಬೇಸರ ಮಾಡಿಕೊಂಡು ಬಿಡಬೇಡಿ. ಅದು ಟೆನಾರ್ ಅನ್ನುವ ಕಾರ್ಗ್ ಹುಡುಗಿಯ ಕಥೆ, ಮೊದಲ ಪುಸ್ತಕದಲ್ಲಿ ಊರು ಸುಡಲು ಬಂದವರ ನಾಡಿನವಳು. ಆ ಮುದುಕಿ ಕೊಟ್ಟ ಉಂಗುರದ ತುಂಡು ಏನು ಅನ್ನುವುದು ಅಲ್ಲಿ ಗೊತ್ತಾಗುತ್ತದೆ.